ಹೆಬ್ಬೆರಳು ಒಳಗೋ, ಹೊರಗೋ?

ಕ್ಲಾಸಿಕಲ್ ಗಿಟಾರ್ ಕಲಿತವರು ಯುರೋಪಿನ ಹಳೆಯ ತಂತಿವಾದ್ಯ ಲ್ಯೂಟ್ ಕಲಿಯಲು ಬಂದರೆ ನಾನು ಮೊದಲು ನೋಡುವುದು ಅವರ ಬಲಗೈ ಉಗುರು. ಅಲ್ಲಿಂದಲೇ ಪಾಠ ಶುರು.

16ನೇ ಶತಮಾನದ ಆರು ಸಾಲಿನ ಲ್ಯೂಟ್‌ನಲ್ಲಿ ಸಾಮಾನ್ಯವಾಗಿ 11 ತಂತಿ. ತೀರಾ ಸಣ್ಣ ತಂತಿ ಒಂಟಿ, ಉಳಿದ ಐದು ಸಾಲೂ ಜೋಡಿ. ಆಗಿನವು ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳು, ಬಿಗಿ ಕಡಿಮೆ. ಜೋಡಿಯ ಎರಡೂ ತಂತಿ ಒಟ್ಟಿಗೇ ನುಡಿಯಬೇಕು. ಉದ್ದ ಉಗುರು ಒಂದಕ್ಕೆ ತಾಗಿ ಇನ್ನೊಂದನ್ನು ಬಿಟ್ಟುಬಿಡುತ್ತದೆ. ಬೆರಳ ತುದಿಯ ಮಾಂಸ ಎರಡನ್ನೂ ಒತ್ತಿ ಬಿಡುತ್ತದೆ. ದನಿ ದುಂಡಗೆ ಬರುತ್ತದೆ.

ಇನ್ನು ಕೈಯ ನಿಲುವು. 15ನೇ ಶತಮಾನದಲ್ಲಿ ಲ್ಯೂಟನ್ನು ಹೆಚ್ಚಾಗಿ ಹಕ್ಕಿಗರಿಯ ಕಡ್ಡಿಯಿಂದ ಮೀಟುತ್ತಿದ್ದರು. ಒಂದೇ ವಾದ್ಯದಲ್ಲಿ ಎರಡು ಮೂರು ದನಿ ಒಟ್ಟಿಗೆ ನುಡಿಸುವ ಆಸೆ ಬಂದಾಗ ಕಡ್ಡಿ ಸಾಲದಾಯಿತು, ಬೆರಳುಗಳು ಬಂದವು. ಆದರೆ ಮುಂಗೈಯ ಹಳೆಯ ಚಲನೆ ಉಳಿಯಿತು. ಕಿರುಬೆರಳು ವಾದ್ಯದ ಹಲಗೆಯ ಮೇಲೆ ಊರಿರುತ್ತದೆ. ಕೈ ಹೆಚ್ಚುಕಡಿಮೆ ತಂತಿಗಳ ಉದ್ದಕ್ಕೇ ಚಾಚಿರುತ್ತದೆ. ಹೆಬ್ಬೆರಳು ಕೆಳಕ್ಕೆ ಮೀಟಿ ಅಂಗೈಯೊಳಗೆ ಸರಿಯುತ್ತದೆ, ತೋರುಬೆರಳು ಮೇಲಕ್ಕೆ ಮೀಟುತ್ತದೆ. 1507ರಲ್ಲಿ ವೆನಿಸ್‌ನ ಪೆಟ್ರುಚ್ಚಿ ಅಚ್ಚು ಹಾಕಿದ, ಲ್ಯೂಟ್ ವಾದಕ ಸ್ಪಿನಾಚಿನೋ ಅವರ ಪುಸ್ತಕಗಳಲ್ಲೇ ಈ ಲೆಕ್ಕವಿದೆ: ಚುಕ್ಕೆ ಇಲ್ಲದ ಸ್ವರ ಕೆಳಕ್ಕೆ, ಚುಕ್ಕೆ ಇರುವುದು ಮೇಲಕ್ಕೆ.

ಹೆಬ್ಬೆರಳಿಗೆ ತೂಕ ಜಾಸ್ತಿ, ತೋರುಬೆರಳಿಗೆ ಕಡಿಮೆ. ಹಾಗಾಗಿ ಓಡುವ ಸ್ವರಗಳಲ್ಲಿ ಒಂದು ಗಟ್ಟಿ, ಒಂದು ಹಗುರ. ಗಿಟಾರ್‌ನವರು ವರ್ಷಗಟ್ಟಲೆ ಸಾಧನೆ ಮಾಡಿ ಎಲ್ಲ ಸ್ವರವನ್ನೂ ಸಮ ಮಾಡಿಕೊಂಡಿರುತ್ತಾರೆ, ಇಲ್ಲೂ ಅದನ್ನೇ ಮಾಡಲು ಹೋಗುತ್ತಾರೆ. ದಯವಿಟ್ಟು ಬೇಡ. ಆ ಏರಿಳಿತದಿಂದಲೇ ಈ ಸಂಗೀತಕ್ಕೆ ನಡಿಗೆ ಬರುತ್ತದೆ. ಅದನ್ನು ಅಳಿಸಿದರೆ ಎಷ್ಟೇ ವೇಗವಾಗಿ ನುಡಿಸಿದರೂ ಸಪ್ಪೆ.

ಗಿಟಾರ್‌ನಂತೆ ಕಾಣುವ ಸ್ಪೇನಿನ ಹಳೆಯ ವಾದ್ಯ ವಿಹುವೇಲಾದಲ್ಲಿ ತೋರುಬೆರಳೊಂದನ್ನೇ ಹಿಂದೆ ಮುಂದೆ ಆಡಿಸುವ 'ದೆದಿಯೋ' ಎಂಬ ರೀತಿಯೂ ಇತ್ತು. ಒಂದು ಕಡೆ ಮಾಂಸ ತಾಗುತ್ತದೆ, ಇನ್ನೊಂದು ಕಡೆ ಉಗುರು. ದೃಷ್ಟಿಯಿಲ್ಲದ ದೊಡ್ಡ ವಾದಕ ಫುಯೆನ್ಯಾನಾ 1554ರ ತಮ್ಮ ಪುಸ್ತಕದಲ್ಲಿ ಉಗುರಿಲ್ಲದ ಮೀಟನ್ನೇ ಮೆಚ್ಚಿದರು. ನನ್ನ ಕಿವಿಗೂ ಅದೇ ಸರಿ.

1600ರ ಹೊತ್ತಿಗೆ ಮಂದ್ರದ ತಂತಿಗಳು ಹೆಚ್ಚಾದವು. ಹೆಬ್ಬೆರಳಿಗೆ ಅಲ್ಲಿ ಬೇರೆಯದೇ ಕೆಲಸ ಬಿತ್ತು. ಅದು ಅಂಗೈ ಬಿಟ್ಟು ಹೊರಗೆ ಚಾಚಿಕೊಂಡಿತು, ಓಡುವ ಸ್ವರಗಳು ತೋರುಬೆರಳು, ನಡುಬೆರಳಿಗೆ ಬಂದವು. ಇಂಗ್ಲೆಂಡಿನ ಲ್ಯೂಟ್ ವಾದಕ ಜಾನ್ ಡೌಲಂಡ್ ಕೂಡ ನಡುವೆ ಹೀಗೆ ಕೈ ಬದಲಿಸಿದರೆಂದು ಆ ಕಾಲದ ಬರಹವೊಂದು ಹೇಳುತ್ತದೆ.

ಉಗುರಿನ ಜಗಳ ಮಾತ್ರ ಮುಗಿಯಲಿಲ್ಲ. ಲ್ಯೂಟ್ ವಾದಕರಲ್ಲಿ 1623ರಲ್ಲಿ ಇಟಲಿಯ ಪಿಚ್ಚಿನೀನಿ ಉಗುರಿನ ಪರ ಬರೆದರು, 1676ರಲ್ಲಿ ಇಂಗ್ಲೆಂಡಿನ ಥಾಮಸ್ ಮೇಸ್ ವಿರುದ್ಧ. 19ನೇ ಶತಮಾನದ ಗಿಟಾರ್‌ನಲ್ಲೂ ಅಷ್ಟೇ. ಫೆರ್ನಾಂದೋ ಸೋರ್ ಉಗುರಿಲ್ಲದೆ, ಅಗ್ವಾದೋ ಉಗುರಿನಿಂದ. ಆದರೂ ಸೋರ್ ತಮ್ಮಿಬ್ಬರಿಗಾಗಿ ಜೋಡಿ ಗಿಟಾರ್ ಕೃತಿ ಬರೆದರು.

ಹಾಗಾದರೆ ನೀವೇನು ಮಾಡಬೇಕು? ಕೃತಿ ಯಾವ ಕಾಲದ್ದೆಂದು ಮೊದಲು ನೋಡಿ. 16ನೇ ಶತಮಾನದ್ದಾದರೆ ಹೆಬ್ಬೆರಳು ಒಳಗಿರಲಿ. ಮಂದ್ರ ಪ್ರತ್ಯೇಕವಾಗಿ ನಡೆಯುವ ಆಮೇಲಿನ ಕೃತಿಗೆ ಹೊರಗೆ ಚಾಚಿ. ಗಿಟಾರ್ ಕಛೇರಿಗಳಿಗಾಗಿ ಉಗುರು ಬೇಕೇ ಬೇಕು ಎನ್ನುವವರು ಹೆಬ್ಬೆರಳು ಮತ್ತು ತೋರುಬೆರಳಿನದನ್ನಾದರೂ ಮಾಂಸದ ಮಟ್ಟಕ್ಕೆ ಉಜ್ಜಿಕೊಳ್ಳಿ. ಮೊದಲ ಕೆಲವು ವಾರ ನಡುವಿನ ಒಂದು ಜೋಡಿಯ ಮೇಲಷ್ಟೇ, ಕೆಳಕ್ಕೆ, ಮೇಲಕ್ಕೆ, ನಿಧಾನವಾಗಿ ಮೀಟಿ. ಎರಡೂ ತಂತಿ ಕೇಳಿಸುತ್ತಿವೆಯಾ ಎಂದು ಕಿವಿಗೊಟ್ಟು ಕೇಳಿ.