ಒಂದು ದಿನವೂ ಬೈಯದ ಶೋಷಕ

ಕಾರ್ಮಿಕರ ಅರ್ಜಿ, ದೂರುಗಳ ಕರಡು ತಿದ್ದುವ ನನ್ನನ್ನು ಪದೇ ಪದೇ ಕಾಡುವ ಪದ ‘ಶೋಷಕ’. ಇದನ್ನು ‘ಶೋಷಿತ’ದೊಂದಿಗೆ ಅದಲುಬದಲು ಮಾಡುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ, ‘ಶೋಷಕರ ಸಮಾವೇಶಕ್ಕೆ ಸರ್ವರಿಗೂ ಸ್ವಾಗತ’ ಎಂಬ ಕರೆಯೋಲೆಯೊಂದನ್ನು ಅಚ್ಚಿಗೆ ಹೋಗುವ ಹಿಂದಿನ ಸಂಜೆ ತಡೆದಿದ್ದೇನೆ, ಅಷ್ಟು ಸಾಕು. ನನ್ನ ತಾಳ್ಮೆಗೆಡಿಸುವುದು ಗದರಿಸುವವರೆಲ್ಲ ಶೋಷಕರು, ಗದರಿಸದವರು ಶೋಷಕರಲ್ಲ ಎಂಬ ನಂಬಿಕೆ.

ಸಂಸ್ಕೃತದ ‘ಶುಷ್’ ಧಾತುವಿಗೆ ಒಣಗು ಎಂದರ್ಥ. ‘ಶುಷ್ಕ’ವೂ ಅಲ್ಲಿಂದಲೇ ಬಂದದ್ದು. ಆಯುರ್ವೇದದಲ್ಲಿ ದೇಹವನ್ನು ಸೊರಗಿಸುವ ಕ್ಷಯಕ್ಕೆ ‘ಶೋಷ’ ಎಂಬ ಹೆಸರಿದೆ; ಮನ್ಮಥನ ಐದು ಬಾಣಗಳಲ್ಲೊಂದು ‘ಶೋಷಣ’. ಹಾಗಾಗಿ ಶೋಷಕನೆಂದರೆ ಒಣಗಿಸುವವನು, ಸಾರ ಹೀರುವವನು. ಹೊಡೆಯುವವನು ಪೀಡಕನಾಗಬಹುದು, ಅಧಿಕಾರದ ಬಲದಿಂದ ಬಾಯಿ ಮುಚ್ಚಿಸುವವನು ದಬ್ಬಾಳಿಕೆಗಾರನಾಗಬಹುದು. ಇಬ್ಬರೂ ನಿಮ್ಮಿಂದ ಚಿಕ್ಕಾಸನ್ನೂ ಪಡೆಯದಿರಬಹುದು. ಶೋಷಕನಿಗಾದರೋ ನಿಮ್ಮ ದುಡಿಮೆ, ನೆಲ, ಹೊತ್ತು ಬೇಕು, ಆದ್ದರಿಂದ ನೀವು ಬದುಕಿರುವುದೂ ಬೇಕು. ‘ರಕ್ತ ಹೀರುತ್ತಾನೆ’ ಎನ್ನುವ ಆಡುಮಾತು ನಿಘಂಟಿನ ಹಂಗಿಲ್ಲದೆಯೇ ಇದನ್ನು ಹಿಡಿದಿದೆ.

ಕಾನೂನೂ ಬೈಗುಳವನ್ನು ಎಣಿಸುವುದಿಲ್ಲ. ಸಂವಿಧಾನದ 23 ಮತ್ತು 24ನೇ ವಿಧಿಗಳು ‘ಶೋಷಣೆಯ ವಿರುದ್ಧದ ಹಕ್ಕು’ ಎಂಬ ತಲೆಬರಹದಡಿ ಬರುತ್ತವೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕೂಲಿಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ, ಹಸಿವು ಮತ್ತು ಬಡತನದ ಒತ್ತಡವೂ ಬಲವಂತವೇ ಎಂದು ಹೇಳಿತು. ಆದರೂ ಒಂದು ಎಚ್ಚರಿಕೆ: ಆರೋಪ ಸಾಬೀತಾಗುವ ಮೊದಲು ಯಾರನ್ನಾದರೂ ಹೆಸರಿಸಿ ‘ಶೋಷಕ’ ಎಂದು ಬರೆಯುವುದಕ್ಕಿಂತ, ಅವರು ಏನನ್ನು ಪಡೆದರು, ಎಷ್ಟು ಕೊಡಲಿಲ್ಲ ಎಂಬುದನ್ನು ಬರೆಯುವುದು ಸಾಮಾನ್ಯವಾಗಿ ಕ್ಷೇಮ.

ಕೆಲವು ವರ್ಷಗಳ ಹಿಂದೆ ಹೊಲಿಗೆ ಕೆಲಸದ ಹೆಣ್ಣುಮಗಳೊಬ್ಬಳು ತನ್ನ ಅರ್ಜಿಯಿಂದ ‘ಶೋಷಣೆ’ ಎಂಬ ಪದವನ್ನು ತೆಗೆಯಬೇಕೆಂದು ಪಟ್ಟುಹಿಡಿದಳು. ಯಜಮಾನರು ‘ಏನವ್ವಾ’ ಎಂದೇ ಮಾತನಾಡಿಸುತ್ತಾರೆ, ದಸರೆಗೆ ಸೀರೆ ಕೊಟ್ಟಿದ್ದಾರೆ, ಅಂಥವರಿಗೆ ಆ ಮಾತು ಅಂಟಿಸಿದರೆ ಪಾಪ ಬರುತ್ತದೆ ಎಂಬುದು ಅವಳ ವಾದ. ವಾದಕ್ಕಿಳಿಯದೆ, ಸಂಬಳವಿಲ್ಲದೆ ಹೆಚ್ಚುವರಿ ಹೊತ್ತು ಎಷ್ಟು ದುಡಿದೆ ಎಂದಷ್ಟೇ ಕೇಳಿದೆ. ಬೆರಳ ಗೆಣ್ಣುಗಳಲ್ಲಿ ನಾಲ್ಕು ತಿಂಗಳ ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಅವಳ ದನಿ ಇಳಿದಿತ್ತು. ‘ಆ ಪದ ಇರಲಿ ಬಿಡಿ’ ಎಂದಳು, ‘ಆದರೆ ಸೀರೆ ಕೊಟ್ಟದ್ದನ್ನೂ ಬರೆಯಿರಿ.’ ಬರೆದೆ.