ತಿದಿ ಎಳೆಯುವುದಾ, ಒತ್ತುವುದಾ?

ಕುಂಬಳೆಯ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ಕಲಿತ ಹುಡುಗನೊಬ್ಬ ಅಕಾರ್ಡಿಯನ್ ಹೆಗಲಿಗೇರಿಸಿಕೊಂಡು, ನಾನು ಕಳಿಸಿದ್ದ ಸ್ವರಪುಟದ ಮುಂದೆ ಕೂತಿದ್ದ. ಎರಡನೇ ಸಾಲಿಗೆ ಬರುವಷ್ಟರಲ್ಲಿ ತಿದಿ ತೋಳು ಚಾಚಿದಷ್ಟೂ ಅಗಲಿಸಿತ್ತು. ಮುಂದೆ ಇದ್ದದ್ದು ದೀರ್ಘ ಸ್ವರ. "ಇಲ್ಲಿ ಎಳೆಯುವುದಾ ಮಾಷ್ಟ್ರೆ, ಒತ್ತುವುದಾ?" ನಾನು ಹಾಕಿದ ಗುರುತುಗಳ ಜಾಗದಲ್ಲಿ ಅವನ ಪ್ರತಿಯಲ್ಲಿ ಬರೀ ಖಾಲಿ ಚೌಕಗಳು.

ಹಾರ್ಮೋನಿಯಂನವರಿಗೆ ಈ ಪ್ರಶ್ನೆಯೇ ಹೊಸತು. ಅದರೊಳಗಿನ ಇನ್ನೊಂದು ತಿದಿ ಸ್ಪ್ರಿಂಗಿನ ಒತ್ತಡದಲ್ಲಿ ಗಾಳಿ ಕೂಡಿಟ್ಟುಕೊಳ್ಳುವುದರಿಂದ ಕೈ ಹಿಂದೆ ಮುಂದೆ ಆದರೂ ನಾದ ಕಡಿಯುವುದಿಲ್ಲ. ಅಕಾರ್ಡಿಯನ್ನಿಗೆ ಆ ಕೂಡಿಟ್ಟ ಗಾಳಿ ಇಲ್ಲ. ತಿದಿ ತಿರುಗಿದ ಕ್ಷಣ ಕಿವಿಗೆ ಗೊತ್ತಾಗುತ್ತದೆ. ಪಿಯಾನೊ ಮಾದರಿಯದ್ದರಲ್ಲಿ ಎರಡೂ ಕಡೆಗೆ ಸ್ವರ ಒಂದೇ, ಉಸಿರು ಮಾತ್ರ ಬೇರೆ. ಡಯಾಟೋನಿಕ್ ಮಾದರಿಯಲ್ಲಿ ಸ್ವರವೇ ಬದಲು: ತಿದಿ ಒತ್ತಿದಾಗ 'ಸಿ' ನುಡಿದ ಗುಂಡಿ, ತಿದಿ ಎಳೆದಾಗ 'ಡಿ' ಎನ್ನುತ್ತದೆ.

1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯಾನ್ ಪೇಟೆಂಟ್ ಪಡೆದ ಮೇಲಿನ ಒಂದೂವರೆ ಶತಮಾನದಲ್ಲಿ ದೇಶಕ್ಕೊಂದು ಗುರುತು ಹುಟ್ಟಿತು. ಫ್ರಾನ್ಸಿನ ಡಯಾಟೋನಿಕ್ ವಾದಕರು ಒತ್ತುವುದಕ್ಕೆ 'ಪಿ', ಎಳೆಯುವುದಕ್ಕೆ 'ಟಿ' ಬರೆದರು. ರಷ್ಯಾದವರಿಗೆ ಪಿಟೀಲಿನ ಕಮಾನಿನ ಗುರುತುಗಳೇ ಸಾಕಾದವು: ತಳವಿಲ್ಲದ ಚೌಕ ಎಂದರೆ ಎಳೆ, 'ವಿ' ಎಂದರೆ ಒತ್ತು. ಕೈಬರಹದ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಆಗಲಿಲ್ಲ.

ಗೋಜಲಾದದ್ದು ಕಂಪ್ಯೂಟರ್ ಬಂದ ಮೇಲೆ. 1985ರ ಹೊತ್ತಿಗೆ ಸಂಗೀತದ ಚಿಹ್ನೆಗಳಿಗೆಂದೇ ಮಾಡಿದ ಅಡೋಬಿಯ 'ಸೊನಾಟಾ' ಫಾಂಟ್ ಬಂತು. ಅದರ ಬೆನ್ನಿಗೆ ಬಂದ ಫಾಂಟುಗಳಲ್ಲಿ ವಿರಳ ಚಿಹ್ನೆಗಳು ಒಂದೊಂದರಲ್ಲಿ ಒಂದೊಂದು ಕಡೆ ಕೂತವು. ಹಳೆಯ ನುಡಿ, ಬರಹ ಕಡತಗಳನ್ನು ಬೇರೆ ಫಾಂಟಿನಲ್ಲಿ ತೆರೆದು, ಕನ್ನಡದ ಬದಲು ಕಲಸುಮೇಲೋಗರ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2001ರಲ್ಲಿ, ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಸಂಖ್ಯೆ ಕೊಡುವ ಯೂನಿಕೋಡಿಗೆ ಪಾಶ್ಚಾತ್ಯ ಸಂಗೀತದ ಚಿಹ್ನೆಗಳು ಸೇರಿದಾಗ ಕಮಾನಿನ ಗುರುತುಗಳು ಬಂದವು, ತಿದಿಯದ್ದು ಬರಲಿಲ್ಲ. ಹಾಗಾಗಿ ಸ್ವರಪುಟ ಜೋಡಿಸುವವರು ಸಿಕ್ಕಿದ್ದನ್ನು ಬಳಸಿದೆವು: ಕೆಲವರು ಬಾಣ ಎಳೆದರು, ಕೆಲವರು ಅಕ್ಷರ ಟೈಪಿಸಿದರು, ನಾನು ಕಮಾನಿನ ಗುರುತು ಹಾಕಿದೆ. ಕಾಗದದ ಮೇಲೆ ಎಲ್ಲವೂ ಚಂದವೇ. ಕಡತದೊಳಗೆ ಮಾತ್ರ ಅದು ತಿದಿ ಎಂಬ ಸುಳಿವೇ ಇರುವುದಿಲ್ಲ. ಸಾಲಿನ ಅಗಲ ಬದಲಾದರೆ ಕೈಯಲ್ಲಿ ಎಳೆದ ಬಾಣ ಪಕ್ಕದ ಸ್ವರದ ತಲೆಯ ಮೇಲೆ ಹೋಗಿ ನಿಲ್ಲುತ್ತದೆ. ಡಯಾಟೋನಿಕ್ ವಾದಕನಿಗೆ ಅದು ತಪ್ಪು ಸ್ವರ.

2013ರಲ್ಲಿ ಸಂಗೀತ ತಂತ್ರಾಂಶದ ಕಂಪನಿ ಸ್ಟೈನ್‌ಬರ್ಗ್‌ನ ಡೇನಿಯಲ್ ಸ್ಪ್ರೆಡ್‌ಬರಿ ಮುಂದಿಟ್ಟ 'ಸ್ಮೂಫಲ್' (SMuFL) ಎಂಬ ಫಾಂಟ್ ಕ್ರಮ ತಿದಿ ಒತ್ತುವುದಕ್ಕೊಂದು, ಎಳೆಯುವುದಕ್ಕೊಂದು ಸ್ವಂತ ಜಾಗ ಕೊಟ್ಟಿತು. 2015ರಿಂದ, ಅಂತರ್ಜಾಲದ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಸಮುದಾಯ ಗುಂಪು ಅದನ್ನು ನೋಡಿಕೊಳ್ಳುತ್ತಿದೆ. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಉಪಕಾರ; ಕಮಾನಿನ ಗುರುತು ಬಿಟ್ಟು ನಾನೂ ಇದನ್ನೇ ಹಾಕತೊಡಗಿದೆ. ಆದರೆ ಆ ಜಾಗಗಳಿರುವುದು ಯೂನಿಕೋಡಿನ ಖಾಸಗಿ ವಲಯದಲ್ಲಿ, ಅಂದರೆ ಯೂನಿಕೋಡ್ ತಾನು ಅರ್ಥ ನಿಗದಿ ಮಾಡದೆ ಬಳಸುವವರಿಗೇ ಬಿಟ್ಟ ಜಾಗದಲ್ಲಿ. ಆ ಕ್ರಮದ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಚಿಹ್ನೆಯ ಬದಲು ಚೌಕ ಕಾಣಬಹುದು. ಹುಡುಗನ ಪ್ರತಿಯಲ್ಲಿ ಆದದ್ದು ಅದೇ.

ಈಗ ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಕಳಿಸುತ್ತೇನೆ. ಮೊದಲ ಪುಟದ ತಲೆಯಲ್ಲಿ ಎರಡೂ ಗುರುತು ಬರೆದು, ಪಕ್ಕದಲ್ಲಿ 'ಎಳೆ', 'ಒತ್ತು' ಎಂದು ಕನ್ನಡದಲ್ಲಿ ಹಾಕುತ್ತೇನೆ.