ಬಿಡದಿ ಬಳಿ ಬಿದ್ದ ಸಾರಸ್ ಮತ್ತೆ ಹಾರಿದ್ದು ಹೇಗೆ?

ಪ್ರಶ್ನೆ: ಬೆಂಗಳೂರಿನಲ್ಲಿ ತಯಾರಾದ ಸಾರಸ್ ಎಂಬ ಸಣ್ಣ ಪ್ರಯಾಣಿಕ ವಿಮಾನ 2009ರಲ್ಲಿ ಬಿಡದಿ ಬಳಿ ಬಿದ್ದು ನಾಶವಾಯಿತೆಂದು ಓದಿದ ನೆನಪಿದೆ. 2018ರಲ್ಲಿ ಸಾರಸ್ ಮತ್ತೆ ಹಾರಿತೆಂಬ ಸುದ್ದಿಯೂ ಬಂದಿತ್ತು. ನಾಶವಾದ ವಿಮಾನ ಮತ್ತೆ ಹಾರಿದ್ದು ಹೇಗೆ?

ಉತ್ತರ: ಎರಡು ಸುದ್ದಿಗಳೂ ನಿಜ, ಆದರೆ ಬಿದ್ದದ್ದು ಒಂದು ವಿಮಾನ, ಹಾರಿದ್ದು ಇನ್ನೊಂದು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು (ಎನ್‌ಎಎಲ್) ಸಾರಸ್‌ನ ಎರಡು ಮೂಲಮಾದರಿಗಳನ್ನು ಹಾರಿಸಿತ್ತು. ಬಿಡದಿ ಬಳಿ ನಾಶವಾದದ್ದು ಎರಡನೆಯದು. 2018ರಲ್ಲಿ ಮೇಲೆದ್ದದ್ದು ಅದಕ್ಕಿಂತ ಹಳೆಯದಾದ ಮೊದಲನೆಯದು. ಪತ್ರಿಕೆಗಳು ಎರಡನ್ನೂ ಬರಿಯ ‘ಸಾರಸ್’ ಎಂದೇ ಕರೆದದ್ದರಿಂದ ಈ ಗೊಂದಲ ಹುಟ್ಟಿದೆ.

ಆ ಮೊದಲ ವಿಮಾನದ ಕಥೆ ನಿಧಾನವಾಗಿ ಹೇಳಬೇಕಾದದ್ದು. ಹದಿನಾಲ್ಕು ಆಸನಗಳ ಸಣ್ಣ ವಿಮಾನವೊಂದನ್ನು ರೂಪಿಸುವ ಯೋಚನೆ 1991ರಲ್ಲಿ ಸೋವಿಯತ್ ಒಕ್ಕೂಟದ ಮಾಸಿಶ್ಚೇವ್ ವಿನ್ಯಾಸ ಸಂಸ್ಥೆಯ ಜೊತೆಗೂಡಿ ಆರಂಭವಾಯಿತು. ಒಕ್ಕೂಟವೇ ಒಡೆದುಹೋದ ಮೇಲೆ ಹಣದ ಕೊರತೆಯಿಂದ ಆ ಪಾಲುದಾರಿಕೆ ಮುರಿದುಬಿತ್ತು. 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಅಮೆರಿಕ ಹೇರಿದ ನಿರ್ಬಂಧಗಳು ಕೆಲಸವನ್ನು ಮತ್ತಷ್ಟು ಹಿಂದಕ್ಕೆ ತಳ್ಳಿದವು. ಕೊನೆಗೆ 2004ರ ಮೇ 29ರಂದು ಮೊದಲ ಮೂಲಮಾದರಿ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೇಲೇರಿತು. ಆಗ ಅದು ಊರಿನ ಪ್ರಯಾಣಿಕ ನಿಲ್ದಾಣವೂ ಆಗಿತ್ತಾದ್ದರಿಂದ, ಪರೀಕ್ಷೆಗೆ ಹೊರಟ ಸಾರಸ್ ಮತ್ತು ಮುಂಬೈಗೋ ದೆಹಲಿಗೋ ಹೊರಟ ವಿಮಾನಗಳು ಒಂದೇ ರನ್‌ವೇಯನ್ನು ಬಳಸುತ್ತಿದ್ದವು.

ನೋಡುವುದಕ್ಕೂ ಈ ವಿಮಾನ ಭಿನ್ನವಾಗಿತ್ತು. ಎಂಜಿನ್‌ಗಳು ರೆಕ್ಕೆಯ ಮೇಲಿರದೆ ಹಿಂಬದಿಯಲ್ಲಿ, ಒಡಲಿನ ಎರಡು ಪಕ್ಕಗಳಲ್ಲಿದ್ದವು. ಅವುಗಳ ಪ್ರೊಪೆಲ್ಲರ್‌ಗಳು ವಿಮಾನವನ್ನು ಮುಂದಿನಿಂದ ಎಳೆಯುವ ಬದಲು ಹಿಂದಿನಿಂದ ದೂಡುತ್ತಿದ್ದವು. ಇದರಿಂದ ಕ್ಯಾಬಿನ್ನಿನಲ್ಲಿ ಸದ್ದು ಕಡಿಮೆಯಾಗುತ್ತದೆ. ಆದರೆ ಕಾಗದದ ಮೇಲೆ ಉದ್ದೇಶಿಸಿದ್ದಕ್ಕಿಂತ ವಿಮಾನ ನೂರಾರು ಕಿಲೋ ಹೆಚ್ಚು ತೂಗಿತು, ಅದರ ಎಂಜಿನ್‌ಗಳ ಸಾಮರ್ಥ್ಯವೋ ತಲಾ 850 ಅಶ್ವಶಕ್ತಿ ಮಾತ್ರ. ನನ್ನ ದೃಷ್ಟಿಯಲ್ಲಿ ಮುಂದಿನ ತೊಡಕುಗಳಲ್ಲಿ ಹೆಚ್ಚಿನವುಗಳ ಬೇರು ಈ ತೂಕದಲ್ಲೇ ಇದೆ. 2007ರ ಏಪ್ರಿಲ್ 18ರಂದು ಹಾರಿದ ಎರಡನೆಯ ಮೂಲಮಾದರಿಗೆ 1200 ಅಶ್ವಶಕ್ತಿಯ ಎಂಜಿನ್‌ಗಳನ್ನು ಕೊಡಲಾಯಿತು.

ಆ ಎರಡನೆಯ ವಿಮಾನವೇ 2009ರ ಮಾರ್ಚ್ 6ರಂದು ಬಿಡದಿ ಸಮೀಪದ ಶೇಷಗಿರಿಹಳ್ಳಿಯ ಬಳಿ ಬಿದ್ದದ್ದು. ವಾಯುಪಡೆಯ ಇಬ್ಬರು ಪರೀಕ್ಷಾ ಪೈಲಟ್‌ಗಳು ಮತ್ತು ಒಬ್ಬ ಪರೀಕ್ಷಾ ಎಂಜಿನಿಯರ್ ತೀರಿಕೊಂಡರು. ಅಂದು ಎಂಜಿನ್ ತಾನಾಗಿ ಕೆಟ್ಟಿರಲಿಲ್ಲ. ಹಾರುತ್ತಿರುವಾಗಲೇ ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು ಅಂದಿನ ಪರೀಕ್ಷೆಯ ಭಾಗವಾಗಿತ್ತು. ಎಂಜಿನ್ ನಿಲ್ಲಿಸಿದಾಗ ಪ್ರೊಪೆಲ್ಲರ್‌ನ ಅಲಗುಗಳನ್ನು ಗಾಳಿಗೆ ಅಂಚು ಎದುರಾಗುವಂತೆ ತಿರುಗಿಸಿಡುತ್ತಾರೆ. ಎಂಜಿನ್ ಶಕ್ತಿ ಕೊಡುವ ಮೊದಲೇ ಅಲಗುಗಳು ಚಪ್ಪಟೆಯಾಗಿ ಗಾಳಿಗೆ ಎದುರಾದರೆ, ಪ್ರೊಪೆಲ್ಲರ್ ದೂಡುವ ಬದಲು ಅಡ್ಡ ಹಿಡಿದ ಹಲಗೆಯಂತೆ ವಿಮಾನವನ್ನು ತಡೆಯತೊಡಗುತ್ತದೆ. ಆದ್ದರಿಂದಲೇ ಈ ಕೆಲಸದಲ್ಲಿ ಹೆಜ್ಜೆಗಳ ಕ್ರಮಕ್ಕೂ ಕೈಯಲ್ಲಿರುವ ಎತ್ತರಕ್ಕೂ ಅಷ್ಟೊಂದು ಬೆಲೆ. ವಿನ್ಯಾಸಕಾರರು ರೂಪಿಸಿಕೊಟ್ಟಿದ್ದ ಮರುಚಾಲನೆಯ ವಿಧಾನವೇ ತಪ್ಪಾಗಿತ್ತು, ಸಾಲದಷ್ಟು ಎತ್ತರದಲ್ಲಿ ಅದನ್ನು ಅನುಸರಿಸಲಾಯಿತು ಎಂದು ತನಿಖಾ ವರದಿ ಹೇಳಿತು. ಆ ವಿಧಾನವನ್ನು ರೂಪಿಸುವಾಗ ಪ್ರೊಪೆಲ್ಲರ್ ತಯಾರಕರನ್ನು ಕೇಳಿರಲಿಲ್ಲವೆಂಬುದನ್ನೂ ಅದು ಎತ್ತಿ ತೋರಿಸಿತು. ಇಡೀ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಮಾತು.

ಅಪಘಾತದ ನಂತರ ಯೋಜನೆ ವರ್ಷಗಟ್ಟಲೆ ನಿಂತುಹೋಯಿತು. ಮೂರನೆಯ ಮೂಲಮಾದರಿ ಹಾರುವ ಹಂತಕ್ಕೆ ಬರಲೇ ಇಲ್ಲ. ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಾಗ ಉಳಿದಿದ್ದದ್ದು 2004ರ ಆ ಮೊದಲ ವಿಮಾನವೇ. ಅದಕ್ಕೂ 1200 ಅಶ್ವಶಕ್ತಿಯ ಎಂಜಿನ್‌ಗಳನ್ನೂ 104 ಇಂಚು ವ್ಯಾಸದ ಪ್ರೊಪೆಲ್ಲರ್‌ಗಳನ್ನೂ ಜೋಡಿಸಲಾಯಿತು. ಮೇಲೇರುವ ಹೊತ್ತಿಗೆ ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದರ ಬಲದಿಂದಲೇ ವಿಮಾನ ನಿಯಮಕ್ಕೆ ತಕ್ಕಷ್ಟು ಏರುತ್ತಿರಬೇಕೆಂಬುದು ಇದರ ಮುಖ್ಯ ಉದ್ದೇಶ. ಇದಲ್ಲದೆ ಬಾಲದ ಚುಕ್ಕಾಣಿಯ ವಿಸ್ತೀರ್ಣವನ್ನೂ ಹಾರಾಟ ನಿಯಂತ್ರಣ ವ್ಯವಸ್ಥೆಯನ್ನೂ ಸುಧಾರಿಸಿ, ಒಟ್ಟು 7100 ಕಿಲೋ ತೂಕಕ್ಕೆ ತಕ್ಕ ಗಾಲಿ, ಬ್ರೇಕುಗಳನ್ನು ಹಾಕಿದರು. ರೆಕ್ಕೆಯ ಎತ್ತುವ ಬಲ ತಪ್ಪುವ ಮುನ್ನ ಎಚ್ಚರಿಸುವ ಸಾಧನ ಮಾತ್ರ ದೇಶೀಯವಾಗಿಯೇ ರೂಪುಗೊಂಡದ್ದು. ಹೆಸರು ‘ಪಿಟಿ1ಎನ್’ ಎಂದಾಯಿತು. 2018ರ ಜನವರಿ 24ರಂದು ವಾಯುಪಡೆಯ ಪರೀಕ್ಷಾ ಪೈಲಟ್‌ಗಳು ಅದನ್ನು ಅದೇ ಎಚ್‌ಎಎಲ್ ನಿಲ್ದಾಣದಿಂದ ಸುಮಾರು 40 ನಿಮಿಷ ಹಾರಿಸಿದರು. ಫೆಬ್ರವರಿ 21ರಂದು ಅದು ಮತ್ತೊಮ್ಮೆ ಹಾರಿತು. ಪ್ರಯಾಣಿಕ ವಿಮಾನಗಳು ಅಷ್ಟರಲ್ಲಿ ದೇವನಹಳ್ಳಿಗೆ ಹೋಗಿ ಹತ್ತು ವರ್ಷವಾಗುತ್ತ ಬಂದಿತ್ತು.

ಇದೇ ವಿಮಾನದಲ್ಲಿ ಟಿಕೆಟ್ ಪಡೆದು ಪ್ರಯಾಣಿಸಬಹುದೇ ಎಂದೂ ಕೆಲವರು ಕೇಳುತ್ತಾರೆ. ಅದು ಸಾಧ್ಯವಿಲ್ಲ. ಇದು ಆರಂಭದಿಂದಲೂ ಪರೀಕ್ಷೆಯ ವಿಮಾನ. ಇದರ ಹಾರಾಟದಿಂದ ಸಿಗುವ ಮಾಹಿತಿಯನ್ನು ಆಧರಿಸಿ 19 ಆಸನಗಳ ‘ಸಾರಸ್ ಎಂಕೆ2’ ಎಂಬ ಬೇರೆಯೇ ವಿಮಾನವನ್ನು ರೂಪಿಸುವುದು ಯೋಜನೆ.